ಕ್ರೂಸರ್ ಬೈಕನ್ನು ಬ್ಯಾಗರ್ ಮಾಡೋದು ಹೇಗೆ? ಗಾಳಿ, ಭಾರ ಮತ್ತು ಹ್ಯಾಂಡಲ್‌ನ ಲೆಕ್ಕ

ಕ್ರೂಸರ್ ಬೈಕಿನಲ್ಲಿ ಹೆದ್ದಾರಿ ಮೇಲೆ ಎರಡು ಮೂರು ಗಂಟೆ ಹೋಗಿ ಇಳಿದವರನ್ನು ಒಮ್ಮೆ ಗಮನಿಸಿ. ಮೊದಲು ಕತ್ತು ಅತ್ತಿತ್ತ ತಿರುಗಿಸಿ ಸಡಿಲ ಮಾಡಿಕೊಳ್ಳುತ್ತಾರೆ. ಆಮೇಲೆ ಬೆರಳು ಬಿಚ್ಚಿ ಮಡಿಸುತ್ತಾರೆ. ಮಾತಾಡಿಸಿದರೆ ಉತ್ತರ ಸ್ವಲ್ಪ ಜೋರಾಗಿಯೇ ಬರುತ್ತದೆ, ಯಾಕಂದ್ರೆ ಕಿವಿಯಲ್ಲಿ ಇನ್ನೂ ಗಾಳಿ ಮೊರೆಯುತ್ತಿರುತ್ತದೆ. ಸೀಟು ಮೆತ್ತಗೇ ಇತ್ತು, ಇಂಜಿನ್ ಕೂಡ ಆರಾಮಾಗೇ ಓಡುತ್ತಿತ್ತು. ಸುಸ್ತು ಮಾಡಿದ್ದು ಗಾಳಿ.

ಈ ಗಾಳಿಯನ್ನು ತಡೆಯಲು ಮುಂದೆ ಒಂದು ಫೇರಿಂಗ್, ಬಟ್ಟೆಬರೆ ಇಡಲು ಹಿಂದೆ ಎರಡು ಪೆಟ್ಟಿಗೆ. ಇಷ್ಟು ಸೇರಿಸಿದರೆ ಕ್ರೂಸರ್ ಬ್ಯಾಗರ್ ಆಗುತ್ತದೆ. ಇಂಥ ಬೈಕ್‌ಗಳ ವಿಡಿಯೋ ನೋಡಿ 'ನನ್ನ ಬೈಕಿಗೂ ಹೀಗೆ ಮಾಡಿಸಬಹುದಾ' ಎಂದು ಕೇಳುವವರು ಬಹಳ ಜನ. ಮಾಡಿಸಬಹುದು. ಆದರೆ ಫೇರಿಂಗ್ ಬರೀ ಮೈಮೇಲೆ ತೊಡಿಸುವ ಅಂಗಿ ಅಲ್ಲ. ಗಾಳಿ ಬೈಕನ್ನು ಎಲ್ಲಿ ತಳ್ಳುತ್ತದೆ, ಭಾರ ಎಲ್ಲಿ ಕೂರುತ್ತದೆ ಎಂಬ ಎರಡನ್ನೂ ಅದು ಬದಲಾಯಿಸುತ್ತದೆ. ಹಾಗಾಗಿ ಬಣ್ಣ, ಆಕಾರ ಯೋಚಿಸುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಫೇರಿಂಗನ್ನು ಯಾವುದಕ್ಕೆ ನೇತುಹಾಕುತ್ತೀರಿ?

ಮೊದಲು ಹೆಸರುಗಳು

ಕ್ರೂಸರ್ ಅಂದ್ರೆ ಸೀಟು ತಗ್ಗಾಗಿ, ಹ್ಯಾಂಡಲ್ ಅಗಲವಾಗಿ, ಕಾಲು ಮುಂದಕ್ಕೆ ಚಾಚಿ, ಬೆನ್ನು ನೆಟ್ಟಗಿಟ್ಟು ಓಡಿಸುವ ಬೈಕ್. ಫೇರಿಂಗ್ ಅಂದ್ರೆ ಬೈಕಿನ ಮುಂಭಾಗಕ್ಕೆ ಹಾಕುವ ಚಿಪ್ಪು. ಹೆಡ್‌ಲೈಟ್, ಮೀಟರ್, ಕೆಲವೊಮ್ಮೆ ಸ್ಪೀಕರ್ ಇದರೊಳಗೇ ಕೂರುತ್ತವೆ. ಅದರ ಮೇಲಿನ ಪಾರದರ್ಶಕ ಹಾಳೆ ವಿಂಡ್‌ಸ್ಕ್ರೀನ್. ಹಿಂದಿನ ಚಕ್ರದ ಅಕ್ಕಪಕ್ಕ ಜೋತುಬೀಳುವ ಚೀಲ ಅಥವಾ ಪೆಟ್ಟಿಗೆ ಸ್ಯಾಡಲ್‌ಬ್ಯಾಗ್. ಬ್ಯಾಗರ್ ಎಂಬ ಹೆಸರು ಹುಟ್ಟಿದ್ದು ಆ ಬ್ಯಾಗಿನಿಂದಲೇ.

ಇದು ಅಮೆರಿಕದ ಉದ್ದುದ್ದ ರಸ್ತೆಗಳಲ್ಲಿ ಬೆಳೆದ ಶೈಲಿ. ಹಾರ್ಲಿ-ಡೇವಿಡ್ಸನ್ 1969ರಲ್ಲಿ ತನ್ನ ಎಲೆಕ್ಟ್ರಾ ಗ್ಲೈಡ್ ಬೈಕಿಗೆ ರೆಕ್ಕೆ ಬಿಚ್ಚಿದ ಬಾವಲಿಯಂತೆ ಕಾಣುವ ಫೇರಿಂಗ್ ತಂದಿತು. ಅದಕ್ಕೆ 'ಬ್ಯಾಟ್‌ವಿಂಗ್' ಎಂಬ ಹೆಸರೇ ಅಂಟಿಕೊಂಡಿತು. 1970ರ ದಶಕದಲ್ಲಿ ಕ್ರೇಗ್ ವೆಟರ್ ಎಂಬ ವಿನ್ಯಾಸಕಾರ 'ವಿಂಡ್‌ಜಾಮರ್' ಎಂಬ ಫೇರಿಂಗ್ ಮಾಡಿದರು. ಚಿಪ್ಪು ಒಂದೇ, ಬೈಕಿಗೆ ತಕ್ಕಂತೆ ಬ್ರಾಕೆಟ್ ಮಾತ್ರ ಬೇರೆ. ಇಂದು ಅಂಗಡಿಯಲ್ಲಿ ಸಿಗುವ ಎಷ್ಟೋ ಫೇರಿಂಗ್ ಕಿಟ್‌ಗಳು ನಡೆಯುವುದು ಇದೇ ಉಪಾಯದ ಮೇಲೆ. ಹೋಂಡಾದ ಗೋಲ್ಡ್ ವಿಂಗ್ ಟೂರಿಂಗ್‌ಗೆ, ಅಂದ್ರೆ ದೂರ ಪ್ರಯಾಣಕ್ಕೆ, ಹೆಸರಾದ ಬೈಕ್, ಆದರೆ 1975ರಲ್ಲಿ ಬಂದಾಗ ಅದಕ್ಕೆ ಫೇರಿಂಗೂ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ. ಕೊಂಡವರು ಹೊರಗಿನಿಂದ ತಂದು ಹಾಕಿಸಿಕೊಂಡರು. 1980ರಲ್ಲಿ ಕಂಪನಿಯೇ ಎರಡನ್ನೂ ಹಾಕಿ 'ಇಂಟರ್‌ಸ್ಟೇಟ್' ಎಂಬ ಮಾದರಿ ತಂದಿತು. 2020ರಲ್ಲಂತೂ ಈ ಭಾರಿ ಬೈಕ್‌ಗಳಿಗೇ ರೇಸ್ ಇಟ್ಟರು! ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ಟ್ರ್ಯಾಕ್‌ನಲ್ಲಿ ನಡೆದ ಮೊದಲ 'ಕಿಂಗ್ ಆಫ್ ದ ಬ್ಯಾಗರ್ಸ್' ರೇಸ್ ಗೆದ್ದದ್ದು ಟೈಲರ್ ಒಹಾರಾ, ಇಂಡಿಯನ್ ಚಾಲೆಂಜರ್ ಬೈಕ್ ಮೇಲೆ. ಪೆಟ್ಟಿಗೆ ಸಮೇತ ಮೊಣಕಾಲು ನೆಲಕ್ಕೆ ತಾಗುವಷ್ಟು ವಾಲಿಸುವ ಬೈಕ್‌ಗಳನ್ನು ನೋಡಿದ ಮೇಲೆ ಬ್ಯಾಗರ್ ಹುಚ್ಚು ಇನ್ನಷ್ಟು ಏರಿತು.

ಗಾಳಿಗೆ ಎಷ್ಟು ಬಲ?

ಚಲಿಸುವ ಬೈಕಿನ ಮೇಲೆ ನೆಟ್ಟಗೆ ಕೂತವರ ತಲೆ, ಎದೆ, ತೋಳು ಸೇರಿ ಗಾಳಿಗೆ ಎದುರಾಗುವ ಜಾಗ ಸುಮಾರು ಅರ್ಧ ಚದರ ಮೀಟರ್ ಅಂದುಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಳಿ ಅಷ್ಟು ಜಾಗದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ 6 ಕೆಜಿ ತೂಕದಷ್ಟು. 100ಕ್ಕೆ ಹೋದರೆ 12 ಆಗಬೇಕಿತ್ತು ಅಲ್ವಾ? ಆಗುವುದು 23ರ ಹತ್ತಿರ. ವೇಗ ಎರಡು ಪಟ್ಟಾದರೆ ಗಾಳಿಯ ತಳ್ಳುವಿಕೆ ನಾಲ್ಕು ಪಟ್ಟಾಗುತ್ತದೆ. 120ರಲ್ಲಿ ಅದು 33 ಕೆಜಿ ದಾಟುತ್ತದೆ. ಎದೆಗೆ ಒಂದು ಮೂಟೆ ಒತ್ತಿ ಹಿಡಿದಂತೆ. ಅದನ್ನು ತಡೆದುಕೊಳ್ಳಲು ಹ್ಯಾಂಡಲ್ ಹಿಡಿದು ಜಗ್ಗುತ್ತಲೇ ಇರಬೇಕು. ಕ್ರೂಸರ್‌ನಲ್ಲಿ ಕಾಲು ಮುಂದಿರುವುದರಿಂದ ಕಾಲೂರಿ ಮೈಯನ್ನು ಮುಂದಕ್ಕೆ ಬಾಗಿಸುವ ಹಾಗೂ ಇಲ್ಲ. ಭಾರವೆಲ್ಲ ತೋಳಿಗೂ ಕತ್ತಿಗೂ.

ಫೇರಿಂಗ್ ಈ ಮೂಟೆಯನ್ನು ಎದೆಯಿಂದ ಎತ್ತಿ ಬೈಕಿನ ಮೇಲೆ ಇಡುತ್ತದೆ. ಒತ್ತಡ ಮಾಯವಾಗುವುದಿಲ್ಲ, ಜಾಗ ಬದಲಾಗುತ್ತದೆ, ಅಷ್ಟೇ. ಅಗಲವಾದ ಫೇರಿಂಗ್ ಹಾಕಿದ ಮೇಲೆ ಪೆಟ್ರೋಲ್ ಉಳಿಯುತ್ತದೆ ಎಂದುಕೊಂಡವರಿಗೆ ನಿರಾಸೆಯಾಗಬಹುದು. ಎದುರಿನ ಜಾಗ ಜಾಸ್ತಿಯಾದರೆ ಇಂಜಿನ್ ತಳ್ಳಬೇಕಾದ ಗಾಳಿಯೂ ಜಾಸ್ತಿಯಾಗಬಹುದು. ಇದು ಆರಾಮಕ್ಕೆ ಮಾಡುವ ಕೆಲಸ, ಮೈಲೇಜ್‌ಗೆ ಅಲ್ಲ.

ಫೋರ್ಕ್ ಮೇಲೋ, ಫ್ರೇಮ್ ಮೇಲೋ?

ಈಗ ಆ ಮುಖ್ಯ ಪ್ರಶ್ನೆ. ಬೈಕಿನ ಮುಂಭಾಗದಲ್ಲಿ ಎರಡು ಬಗೆಯ ಭಾಗಗಳಿವೆ. ಹ್ಯಾಂಡಲ್ ಜೊತೆ ತಿರುಗುವವು ಒಂದು, ತಿರುಗದವು ಇನ್ನೊಂದು. ಫೋರ್ಕ್, ಅಂದ್ರೆ ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆ, ಹ್ಯಾಂಡಲ್ ಜೊತೆ ತಿರುಗುತ್ತದೆ. ಫ್ರೇಮ್, ಅಂದ್ರೆ ಬೈಕಿನ ಅಸ್ಥಿಪಂಜರ, ತಿರುಗುವುದಿಲ್ಲ.

ಬ್ಯಾಟ್‌ವಿಂಗ್ ಫೋರ್ಕ್‌ಗೆ ಕೂರುತ್ತದೆ. ಹಾಕುವುದು ಸುಲಭ. ಫೋರ್ಕ್ ಕೊಳವೆಗೆ ಕ್ಲಾಂಪ್ ಕಟ್ಟಿ, ಮೇಲೆ ಚಿಪ್ಪು ಕೂರಿಸಿದರೆ ಆಯಿತು. ಬೇಡವಾದಾಗ ಐದು ನಿಮಿಷದಲ್ಲಿ ಬಿಚ್ಚಿಡಬಹುದಾದ ಕಿಟ್‌ಗಳೂ ಇವೆ. ತೊಂದರೆ ಏನೆಂದರೆ ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಈ ಭಾರವೂ ತಿರುಗಬೇಕು. ತುಂಬಿದ ಬಕೆಟನ್ನು ಎದೆಗೆ ಒತ್ತಿ ಹಿಡಿದು ಮೈ ತಿರುಗಿಸಿ ನೋಡಿ. ಆಮೇಲೆ ಅದನ್ನೇ ಕೈ ಚಾಚಿ ಹಿಡಿದು ತಿರುಗಿಸಿ. ಬಕೆಟ್ ಅದೇ, ನೀರೂ ಅಷ್ಟೇ. ಆದರೆ ತಿರುಗಿಸಲೂ ಕಷ್ಟ, ತಿರುಗಲು ಶುರುವಾದ ಮೇಲೆ ನಿಲ್ಲಿಸಲೂ ಕಷ್ಟ. ಫೇರಿಂಗ್ ಫೋರ್ಕ್‌ನಿಂದ ಎಷ್ಟು ಮುಂದಕ್ಕೆ, ಎಷ್ಟು ಅಗಲಕ್ಕೆ ಚಾಚಿರುತ್ತದೋ ಹ್ಯಾಂಡಲ್ ಅಷ್ಟು ಜಡವಾಗುತ್ತದೆ. ಜೊತೆಗೆ ಪಕ್ಕದಿಂದ ಗಾಳಿ ಬೀಸಿದರೆ, ದೊಡ್ಡ ಲಾರಿಯೊಂದು ದಾಟಿ ಹೋದರೆ, ಆ ತಳ್ಳುವಿಕೆ ನೇರವಾಗಿ ನಿಮ್ಮ ಅಂಗೈಗೆ ಬರುತ್ತದೆ.

ಇನ್ನೊಂದು ದಾರಿ ಫೇರಿಂಗನ್ನು ಫ್ರೇಮ್‌ಗೇ ಕಟ್ಟುವುದು. 1998ರಲ್ಲಿ ಬಂದ ಹಾರ್ಲಿಯ ರೋಡ್ ಗ್ಲೈಡ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಅದರ ಮೂತಿಯನ್ನು ನೋಡಿ ಜನ 'ಶಾರ್ಕ್‌ನೋಸ್' ಎನ್ನುತ್ತಾರೆ. ಇಲ್ಲಿ ಹ್ಯಾಂಡಲ್ ಹಗುರವಾಗಿಯೇ ಉಳಿಯುತ್ತದೆ. ಪಕ್ಕದ ಗಾಳಿ ಇಡೀ ಬೈಕನ್ನು ತಳ್ಳುತ್ತದೆಯೇ ಹೊರತು ಹ್ಯಾಂಡಲನ್ನು ಕಿತ್ತುಕೊಳ್ಳುವುದಿಲ್ಲ. ಮೊದಲ ದಿನ ಮಾತ್ರ ವಿಚಿತ್ರ ಅನ್ನಿಸುತ್ತದೆ: ನಿಧಾನಕ್ಕೆ ತಿರುವು ತೆಗೆದುಕೊಳ್ಳುವಾಗ ಹ್ಯಾಂಡಲ್ ತಿರುಗುತ್ತದೆ, ಎದುರಿನ ಫೇರಿಂಗೂ ಲೈಟೂ ನೇರ ನೋಡುತ್ತಲೇ ಇರುತ್ತವೆ. ಕಷ್ಟ ಇರುವುದು ಕಟ್ಟುವುದರಲ್ಲಿ. ಫ್ರೇಮ್‌ನ ಕತ್ತಿನಿಂದ, ಅಂದ್ರೆ ಫೋರ್ಕ್ ಕೂರುವ ಮುಂತುದಿಯಿಂದ, ಗಟ್ಟಿ ಸ್ಟೀಲ್ ಬ್ರಾಕೆಟ್ ತೆಗೆಯಬೇಕು, ಹ್ಯಾಂಡಲ್ ಪೂರ್ತಿ ತಿರುಗಲು ಒಳಗೆ ಜಾಗ ಬಿಡಬೇಕು. ಬ್ರಾಕೆಟ್‌ಗಾಗಿ ಫ್ರೇಮ್‌ನ ಕತ್ತಿಗೇ ವೆಲ್ಡಿಂಗ್ ಮಾಡುತ್ತೇನೆ ಎನ್ನುವವರ ಕೈಗೆ ನಾನಂತೂ ಬೈಕ್ ಕೊಡುವುದಿಲ್ಲ. ಇಡೀ ಬೈಕ್‌ನಲ್ಲಿ ಅತಿ ಹೆಚ್ಚು ಒತ್ತಡ ತಿನ್ನುವ ಜಾಗಗಳಲ್ಲಿ ಅದೂ ಒಂದು. ಅಲ್ಲಿರುವ ತೂತುಗಳಿಗೆ ಬೋಲ್ಟ್ ಹಾಕುವಂತೆ ಬ್ರಾಕೆಟ್ ಮಾಡಿಸುವುದೇ ಮೇಲು.

ಹಗುರವಾದ ಸಣ್ಣ ಕ್ರೂಸರ್‌ಗೆ ದೊಡ್ಡ ಬ್ಯಾಟ್‌ವಿಂಗ್ ಹಾಕಿದಾಗ ವೇಗದಲ್ಲಿ ಹ್ಯಾಂಡಲ್ ಬಡಬಡ ಆಡುವುದೋ, ಇಡೀ ಬೈಕ್ ಹಾವಿನಂತೆ ಹೊಯ್ದಾಡುವುದೋ ಆಗಬಹುದು. ಆಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಸೆಣಸಬಾರದು. ಸೆಣಸಿದರೆ ಹೊಯ್ದಾಟ ಹೆಚ್ಚುತ್ತದೆ. ಹಿಡಿತ ಹದವಾಗಿಟ್ಟು ಆಕ್ಸಿಲರೇಟರ್ ಮೆಲ್ಲಗೆ ಇಳಿಸಬೇಕು.

ಮಣ್ಣಿನ ಉಂಡೆಯ ಪರೀಕ್ಷೆ

ಫೇರಿಂಗ್ ತಾತ್ಕಾಲಿಕವಾಗಿ ಕೂರಿಸಿದ ಮೇಲೆ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗುತ್ತದಾ ಎಂದು. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ. ಮಕ್ಕಳು ಬೊಂಬೆ ಮಾಡುವ ಬಣ್ಣದ ಮಣ್ಣು ಇರುತ್ತದಲ್ಲ, ಅದರ ಗೋಲಿ ಗಾತ್ರದ ಉಂಡೆ ಮಾಡಿ, ಫೇರಿಂಗ್ ಹತ್ತಿರ ಬರುವ ಕಡೆ ಟ್ಯಾಂಕ್ ಮೇಲೆ ಅಂಟಿಸಿ. ಹ್ಯಾಂಡಲನ್ನು ಕೊನೆವರೆಗೆ ತಿರುಗಿಸಿ, ವಾಪಸ್ ತನ್ನಿ. ಉಂಡೆ ಚಪ್ಪಟೆಯಾಗಿದ್ದರೆ ಅದರ ದಪ್ಪ ಅಳೆಯಿರಿ. ಉಳಿದಿರುವ ಜಾಗ ಅಷ್ಟೇ. ಬೆರಳಿನಷ್ಟು ದಪ್ಪವಾದರೂ ಇರಬೇಕು, ಯಾಕಂದ್ರೆ ಓಡುವಾಗ ಚಿಪ್ಪು ಅದುರುತ್ತದೆ, ಸ್ವಲ್ಪ ಬಾಗುತ್ತದೆ ಕೂಡ.

ಇದೇ ಹೊತ್ತಿಗೆ ಕೇಬಲ್‌ಗಳ ಕಡೆಗೂ ಕಣ್ಣು ಹಾಯಿಸಿ. ಇಂಜಿನ್ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲ್ ಎರಡೂ ಕಡೆ ತಿರುಗಿಸಿ. ಒಂದು ಕಡೆ ತಿರುಗಿಸಿದಾಗ ಇಂಜಿನ್ ಸದ್ದು ತಾನಾಗೇ ಏರಿದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಜಗ್ಗುತ್ತಿದೆ ಎಂದರ್ಥ. ಬ್ರೇಕ್ ಹೋಸ್ ಬಿಗಿಯಾಗಿ ಎಳೆದಂತೆ ಕಂಡರೆ ಉದ್ದದ ಹೋಸ್ ಹಾಕಿಸಿ. ಅಲ್ಲಿ ಹೇಗೋ ಅಡ್ಜಸ್ಟ್ ಮಾಡೋಣ ಎನ್ನುವ ಮಾತು ಬೇಡ.

ಚಿಪ್ಪು ಹುಟ್ಟುವುದು ಹೀಗೆ

ಸಿದ್ಧ ಫೇರಿಂಗ್‌ಗಳು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸ್. ಎಬಿಎಸ್ ಬಾಗುತ್ತದೆ, ಸಣ್ಣ ಏಟಿಗೆ ಒಡೆಯುವುದಿಲ್ಲ, ಆದರೆ ಅದರ ಅಚ್ಚಿಗೆ ದೊಡ್ಡ ಯಂತ್ರ ಬೇಕು. ಒಂದೇ ಒಂದು ತುಂಡನ್ನು ನಮ್ಮ ಅಳತೆಗೆ ಮಾಡಿಸಬೇಕಾದರೆ ಫೈಬರ್‌ಗ್ಲಾಸೇ ದಾರಿ.

ಮೊದಲು ರಟ್ಟು ಕತ್ತರಿಸಿ, ಟೇಪ್ ಹಚ್ಚಿ ಬೈಕ್ ಮೇಲೆಯೇ ಆಕಾರ ನೋಡುತ್ತಾರೆ. ರಟ್ಟಿನ ಹಂತದಲ್ಲಿ ಎಷ್ಟು ಹೊತ್ತು ಕಳೆದರೂ ತಪ್ಪಿಲ್ಲ. ಇಲ್ಲಿ ಕತ್ತರಿಯಲ್ಲಿ ಸರಿಯಾಗುವ ತಪ್ಪು ಮುಂದೆ ಗ್ರೈಂಡರ್‌ನಲ್ಲೂ ಸರಿಯಾಗುವುದಿಲ್ಲ. ಆಮೇಲೆ ಫೋಮ್ ಕೆತ್ತಿ, ಪುಟ್ಟಿ ಹಚ್ಚಿ, ಉಜ್ಜಿ, ಬೇಕಾದ ಫೇರಿಂಗ್‌ನ ಪ್ರತಿರೂಪವನ್ನೇ ಮಾಡುತ್ತಾರೆ. ಅದರ ಮೇಲಿಂದ ಅಚ್ಚು ತೆಗೆಯುತ್ತಾರೆ. ಅಚ್ಚಿನ ಒಳಮೈಗೆ ಮೇಣ ಸವರಿ, ಜೆಲ್‌ಕೋಟ್ ಎಂಬ ನುಣುಪು ಪದರ ಹಚ್ಚಿ, ಅದರ ಮೇಲೆ ಗಾಜಿನ ನಾರಿನ ಚಾಪೆ ಹಾಸಿ ರೆಸಿನ್, ಅಂದ್ರೆ ಆಮೇಲೆ ಗಟ್ಟಿಯಾಗುವ ಅಂಟುದ್ರವ, ಕುಡಿಸುತ್ತಾರೆ. ಬಿಳಿ ಚಾಪೆ ರೆಸಿನ್ ಕುಡಿಯುತ್ತಿದ್ದಂತೆ ಪಾರದರ್ಶಕವಾಗುತ್ತದೆ. ಎಲ್ಲಾದರೂ ಬೆಳ್ಳಗೇ ಉಳಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ಸಣ್ಣ ರೋಲರ್ ಉರುಳಿಸಿ ಆ ಗುಳ್ಳೆ ಹೊರಗೆ ಹಾಕಬೇಕು. ಇಲ್ಲದಿದ್ದರೆ ಮುಂದೆ ಅಲ್ಲೇ ಬಿರುಕು. ರೆಸಿನ್ ವಾಸನೆಯೂ ಉಜ್ಜುವಾಗ ಏಳುವ ಧೂಳೂ ಎದೆಗೆ ಒಳ್ಳೆಯದಲ್ಲ. ಸರಿಯಾದ ಮಾಸ್ಕ್ ಇಲ್ಲದೆ ಈ ಕೆಲಸ ಮಾಡಬಾರದು.

ಬಿರುಕು ಅಂದ ಮೇಲೆ ಬೋಲ್ಟ್ ತೂತಿನ ಮಾತು ಹೇಳಲೇಬೇಕು. ವಿ-ಟ್ವಿನ್, ಅಂದ್ರೆ ಎರಡು ಸಿಲಿಂಡರ್ V ಆಕಾರದಲ್ಲಿ ಕೂತಿರುವ ಇಂಜಿನ್‌ನ ನಡುಕ ಚಿಪ್ಪನ್ನು ತಿನ್ನುವುದು ಈ ತೂತುಗಳ ಅಂಚಿನಿಂದಲೇ. ಅದಕ್ಕೇ ಲೋಹಕ್ಕೂ ಚಿಪ್ಪಿಗೂ ನಡುವೆ ರಬ್ಬರ್ ಬುಷ್ ಬೇಕು, ಅಗಲವಾದ ವಾಷರ್ ಬೇಕು, ಬೋಲ್ಟ್‌ಗೆ ಥ್ರೆಡ್‌ಲಾಕ್ ಅಂಟು ಬೇಕು. ಬಿರುಕು ಬಿಟ್ಟೇಬಿಟ್ಟರೆ ಅದರ ತುದಿಯಲ್ಲಿ ಒಂದು ಸಣ್ಣ ತೂತು ಕೊರೆಯುತ್ತಾರೆ. ತೂತಿಂದ ಬಂದ ಬಿರುಕಿಗೆ ಇನ್ನೊಂದು ತೂತೇ ಮದ್ದಾ ಎಂದು ನಗಬೇಡಿ. ಬಿರುಕಿನ ಚೂಪು ತುದಿಯಲ್ಲಿ ಒತ್ತಡವೆಲ್ಲ ಒಂದೇ ಕಡೆ ಸೇರುತ್ತದೆ. ತುದಿ ದುಂಡಗಾದರೆ ಆ ಒತ್ತಡ ಹಂಚಿಹೋಗುತ್ತದೆ, ಬಿರುಕು ಮುಂದೆ ಓಡುವುದಿಲ್ಲ. ಆಮೇಲೆ ಒಳಗಿನಿಂದ ಚಾಪೆ ಹಾಕಿ ಮುಚ್ಚಬಹುದು.

ವಿಂಡ್‌ಸ್ಕ್ರೀನ್ ಎತ್ತರ

ಎತ್ತರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ನೇರ ಕೂತಾಗ ನೋಟ ಸ್ಕ್ರೀನಿನ ಮೇಲಂಚಿನ ಮೇಲಿಂದ ಹೋಗಬೇಕು. ಅಂಚು ಮೂಗಿನ ಮಟ್ಟಕ್ಕೆ ಬಂದರೆ ಸಾಮಾನ್ಯವಾಗಿ ಸಾಕು. ಅಂಚನ್ನು ದಾಟುವ ಗಾಳಿ ಮೇಲಕ್ಕೆ ಚಿಮ್ಮಿ ಹೆಲ್ಮೆಟ್ ಮೇಲಿಂದ ಹೋಗುತ್ತದೆ. ಸ್ಕ್ರೀನಿನ ಮೂಲಕವೇ ನೋಡಬೇಕಾದಷ್ಟು ಎತ್ತರ ಇಟ್ಟರೆ ರಾತ್ರಿ ಮಳೆಯಲ್ಲಿ ಎದುರಿನ ಲೈಟ್ ಹನಿಹನಿಗೂ ಒಡೆದು ರಸ್ತೆಯೇ ಕಾಣುವುದಿಲ್ಲ.

ಸರಿಯಾದ ಎತ್ತರ ಇದ್ದೂ ಕೆಲವರ ತಲೆ ಗಡಗಡ ಅದುರುತ್ತದೆ. ಇದಕ್ಕೆ ಬಫೆಟಿಂಗ್ ಅನ್ನುತ್ತಾರೆ. ಸ್ಕ್ರೀನಿನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಆ ಖಾಲಿ ತುಂಬಲು ಮೇಲಿಂದಲೂ ಕೆಳಗಿನಿಂದಲೂ ಗಾಳಿ ಸುರುಳಿ ಸುತ್ತಿ ನುಗ್ಗುತ್ತದೆ, ಆ ಸುರುಳಿ ಹೆಲ್ಮೆಟ್‌ಗೆ ಬಡಿಯುತ್ತದೆ. ಪರಿಹಾರ ಉಲ್ಟಾ ಅನ್ನಿಸಬಹುದು: ಸ್ಕ್ರೀನಿನ ಬುಡದಲ್ಲಿ ಒಂದು ಸೀಳು ಬಿಟ್ಟು ಸ್ವಲ್ಪ ಗಾಳಿಯನ್ನು ಬೇಕೆಂದೇ ಒಳಗೆ ಬಿಡುವುದು. ಒಳಗೂ ಹೊರಗೂ ಒತ್ತಡ ಸರಿಹೋದರೆ ಸುರುಳಿ ಸಣ್ಣದಾಗುತ್ತದೆ. ಕೆಳಗಿನಿಂದ, ಫೋರ್ಕ್ ಮತ್ತು ಟ್ಯಾಂಕ್ ನಡುವಿನ ಸಂದಿಯಿಂದ ಬರುವ ಗಾಳಿಗೆ ಸಣ್ಣ ತಡೆಹಲಗೆ ಹಾಕುತ್ತಾರೆ.

ಸ್ಕ್ರೀನ್ ಪಾಲಿಕಾರ್ಬೊನೇಟ್ ಆದರೆ ಕಲ್ಲೇಟಿಗೆ ಒಡೆಯುವುದಿಲ್ಲ, ಆದರೆ ಮೇಲೆ ಗಟ್ಟಿ ಲೇಪನ ಇಲ್ಲದಿದ್ದರೆ ಬೇಗ ಗೀರು ಬೀಳುತ್ತದೆ. ಅಕ್ರಿಲಿಕ್‌ಗೆ ಗೀರು ಕಡಿಮೆ, ಪೆಟ್ಟು ಬಿದ್ದರೆ ಚೂರು. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಎರಡಕ್ಕೂ ಬೇಡ.

ಪೆಟ್ಟಿಗೆ ಮತ್ತು ತೂಕದ ಲೆಕ್ಕ

ಪ್ರತಿ ಬೈಕಿಗೂ ಕಂಪನಿ ಒಂದು ಗರಿಷ್ಠ ತೂಕ ನಿಗದಿ ಮಾಡಿರುತ್ತದೆ. ಬೈಕ್, ಪೆಟ್ರೋಲ್, ಜನ, ಸಾಮಾನು ಎಲ್ಲ ಸೇರಿ ಅದನ್ನು ದಾಟಬಾರದು. ಉದಾಹರಣೆಗೆ ಮಿತಿ 430 ಕೆಜಿ, ಟ್ಯಾಂಕ್ ತುಂಬಿದ ಬೈಕ್ 250 ಕೆಜಿ ಅಂದುಕೊಳ್ಳಿ. ಉಳಿದದ್ದು 180. ಓಡಿಸುವವರು 80, ಹಿಂದೆ ಕೂತವರು 65. ಉಳಿದದ್ದು 35. ಫೇರಿಂಗ್ ಮತ್ತು ಬ್ರಾಕೆಟ್ 8, ಪೆಟ್ಟಿಗೆಗಳು ಮತ್ತು ಅವುಗಳ ಬ್ರಾಕೆಟ್ 14. ಕೊನೆಗೆ ಬಟ್ಟೆ, ಟೂಲ್ಸ್, ರೈನ್‌ಕೋಟ್‌ಗೆ ಉಳಿಯುವುದು 13 ಕೆಜಿ. ಪೆಟ್ಟಿಗೆಯಲ್ಲಿ ಜಾಗ ಇದೆ ಅಂತ ಸುಮ್ನೆ ತುಂಬುತ್ತಾ ಹೋದರೆ ಲೆಕ್ಕ ಎಲ್ಲಿ ತಪ್ಪುತ್ತದೆ ಗೊತ್ತಾಯಿತಲ್ಲ?

ಟೈರಿನ ಪಕ್ಕದಲ್ಲೂ ಈ ಲೆಕ್ಕ ಬರೆದಿರುತ್ತದೆ. ಅಳತೆಯ ನಂತರ ಬರುವ ಎರಡಂಕಿಯ ಸಂಖ್ಯೆ ಅದು ಹೊರಬಲ್ಲ ಭಾರದ ಸಂಕೇತ. 73 ಅಂದ್ರೆ 365 ಕೆಜಿ, 77 ಅಂದ್ರೆ 412 ಕೆಜಿ. ಗಾಳಿ ಕಡಿಮೆ ಇದ್ದರೆ ಅಷ್ಟು ಹೊರುವುದಿಲ್ಲ.

ಭಾರ ಎಷ್ಟು ಎನ್ನುವಷ್ಟೇ ಮುಖ್ಯ, ಎಲ್ಲಿ ಎನ್ನುವುದು. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಭಾರ ಹೋದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ಆಗ ಹೊಯ್ದಾಟಕ್ಕೆ ಬಾಗಿಲು ತೆರೆದಂತೆ. ಪೆಟ್ಟಿಗೆಯನ್ನು ಆದಷ್ಟು ತಗ್ಗಿಗೆ, ಮುಂದಕ್ಕೆ ಕೂರಿಸಬೇಕು. ಆದರೆ ಸೈಲೆನ್ಸರ್ ಬಿಸಿ ತಾಗಬಾರದು, ಗುಂಡಿಗೆ ಬಿದ್ದಾಗ ಮೇಲೆ ಕೆಳಗೆ ಆಡುವ ಹಿಂದಿನ ಚಕ್ರದ ಭಾಗಗಳು ಬಡಿಯಬಾರದು. ಇಂಡಿಕೇಟರ್ ಮರೆಯಾದರೆ ಜಾಗ ಬದಲಿಸಬೇಕು. ಹಿಂದಿನ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗ್ ಬಿಗಿ ಮಾಡದೆ ಹೊರಟರೆ ಹಿಂಭಾಗ ಕುಸಿದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಬೀಳುತ್ತದೆ.

ಕರೆಂಟ್ ಮತ್ತು ಬಿಸಿ

ಫೇರಿಂಗ್ ಬಂದ ಮೇಲೆ ಸ್ಪೀಕರ್ ಆಸೆ ಬಂದೇ ಬರುತ್ತದೆ. ಬೈಕಿನ ಸ್ಟೇಟರ್, ಅಂದ್ರೆ ಕರೆಂಟ್ ಹುಟ್ಟಿಸುವ ಸುರುಳಿ, ಇಷ್ಟೇ ವ್ಯಾಟ್ ಕೊಡಬಲ್ಲದು. 12 ವೋಲ್ಟ್‌ನಲ್ಲಿ 10 ಆಂಪಿಯರ್ ಎಳೆಯುವ ಆಂಪ್ಲಿಫಯರ್‌ಗೆ 120 ವ್ಯಾಟ್ ಬೇಕು. ಟ್ರಾಫಿಕ್‌ನಲ್ಲಿ ನಿಂತಾಗ ಸ್ಟೇಟರ್ ಕೊಡುವುದೂ ಕಡಿಮೆ, ಆಗ ಬ್ಯಾಟರಿ ಖಾಲಿಯಾಗುತ್ತಾ ಹೋಗುತ್ತದೆ. ಆಂಪ್ಲಿಫಯರ್‌ಗೆ ಬ್ಯಾಟರಿಯಿಂದಲೇ ಪ್ರತ್ಯೇಕ ತಂತಿ, ಬ್ಯಾಟರಿ ಹತ್ತಿರವೇ ಫ್ಯೂಸ್. ಹೆಡ್‌ಲೈಟ್ ತಂತಿಗೆ ಕೊಕ್ಕೆ ಹಾಕುವ ಕೆಲಸ ಬೇಡ.

ಬಿಸಿಯದು ಇನ್ನೊಂದು ಕಥೆ. ಕಾಲಿಗೆ ಗಾಳಿ ಬಡಿಯದಂತೆ ಇಂಜಿನ್ ಅಕ್ಕಪಕ್ಕ ಕೆಳ ಫೇರಿಂಗ್ ಹಾಕಿಸುವವರಿದ್ದಾರೆ. ಗಾಳಿಯಿಂದಲೇ ತಣಿಯುವ ವಿ-ಟ್ವಿನ್ ಇಂಜಿನ್ ಆದರೆ ಹಿಂದಿನ ಸಿಲಿಂಡರ್ ಮೊದಲೇ ಮುಂದಿನದರ ಮರೆಯಲ್ಲಿದೆ, ಇದರಿಂದ ಇನ್ನಷ್ಟು ಕಾಯುತ್ತದೆ. ತೆರೆದು ಮುಚ್ಚುವ ಕಿಂಡಿ ಇರುವ ಕೆಳ ಫೇರಿಂಗ್ ಆದರೆ ವಾಸಿ.

ದೊಡ್ಡ ಚಕ್ರದ ಮೋಹ

ಪ್ರದರ್ಶನಕ್ಕೆ ಕಟ್ಟುವ ಬ್ಯಾಗರ್‌ಗಳಲ್ಲಿ ಮುಂದೆ 26, 30 ಇಂಚಿನ ಚಕ್ರ ನೋಡಿರಬಹುದು. ಅದಕ್ಕೆ ಫ್ರೇಮ್‌ನ ಕತ್ತು ಕೊಯ್ದು ಮತ್ತೆ ಬೆಸೆಯಬೇಕು. ಸೂಪರ್‌ಮಾರ್ಕೆಟ್ ತಳ್ಳುಗಾಡಿಯ ಮುಂದಿನ ಪುಟ್ಟ ಚಕ್ರ ತನ್ನ ಕೀಲಿಗಿಂತ ಹಿಂದಕ್ಕೆ ಎಳೆದುಕೊಂಡು ನೇರ ಓಡುತ್ತದಲ್ಲ, ಬೈಕಿನ ಮುಂದಿನ ಚಕ್ರವೂ ಹಾಗೇ. ಆ ಹಿಂದಿನ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಅದು ತೀರಾ ಕಡಿಮೆಯಾದರೆ ಬೈಕ್ ಚಂಚಲ, ತೀರಾ ಹೆಚ್ಚಾದರೆ ತಿರುಗಲು ಮೊಂಡು. ದೊಡ್ಡ ಚಕ್ರ ಟ್ರೇಲ್ ಹೆಚ್ಚಿಸುತ್ತದೆ, ಫೋರ್ಕ್ ಇನ್ನಷ್ಟು ಓರೆಯಾದರೂ ಹೆಚ್ಚುತ್ತದೆ. ಮತ್ತೆ ತಗ್ಗಿಸಲು ಫೋರ್ಕ್ ಹಿಡಿಯುವ ಕ್ಲಾಂಪ್‌ನ ಕೋನ ಬದಲಿಸುತ್ತಾರೆ. ದೂರ ಪ್ರಯಾಣಕ್ಕೆ ಇದ್ಯಾವುದೂ ಬೇಕಿಲ್ಲ.

ಮೊದಲ ಓಟ

ಲೈಟ್, ನಂಬರ್ ಪ್ಲೇಟ್, ಅಗಲದ ಬಗ್ಗೆ ಪ್ರತಿ ದೇಶಕ್ಕೂ ಅದರದೇ ನಿಯಮ ಇದೆ. ಮಾರ್ಪಾಡು ಮಾಡಿದ್ದನ್ನು ವಿಮೆಯವರಿಗೆ ತಿಳಿಸಬೇಕಾದೀತು. ಕೆಲಸ ಶುರು ಮಾಡುವ ಮೊದಲೇ ವಿಚಾರಿಸಿ.

ಎಲ್ಲ ಮುಗಿದ ಮೇಲೆ ಮೊದಲ ಓಟ ಪೆಟ್ಟಿಗೆ ಖಾಲಿ ಇಟ್ಟೇ ಆಗಲಿ. 60, ಆಮೇಲೆ 80, ಹ್ಯಾಂಡಲ್ ಸುಮ್ಮನಿದ್ದರೆ ಮಾತ್ರ ಮುಂದಕ್ಕೆ. ಇನ್ನೊಂದು ದಿನ ಭಾರ ತುಂಬಿ ಅದೇ ರಸ್ತೆ, ಅದೇ ವೇಗ. 100 ಕಿಲೋಮೀಟರ್ ಆದ ಮೇಲೆ ಪ್ರತಿ ಬೋಲ್ಟ್ ಮತ್ತೆ ಬಿಗಿ ಮಾಡಿ, ಕೆಲವು ಸಡಿಲವಾಗಿರುತ್ತವೆ.

ಹೊರಡುವ ಮುಂಚೆ ಇನ್ನೊಂದು ಕೆಲಸ. ಉಲನ್ ದಾರವನ್ನು ಬೆರಳುದ್ದ ತುಂಡು ಮಾಡಿ, ಸ್ಕ್ರೀನಿನ ಒಳಮೈಗೂ ಫೇರಿಂಗ್ ಅಂಚಿಗೂ ಟೇಪ್‌ನಿಂದ ಅಂಟಿಸಿ. ಸ್ನೇಹಿತರು ಪಕ್ಕದ ಗಾಡಿಯಲ್ಲಿ ಕೂತು ವಿಡಿಯೋ ಮಾಡಲಿ. ದಾರ ಹಿಂದಕ್ಕೆ ನೆಟ್ಟಗೆ ಮಲಗಿದ ಕಡೆ ಗಾಳಿ ನಯವಾಗಿ ಹರಿಯುತ್ತಿದೆ. ಕುಣಿಯುವ ಕಡೆ ಸುರುಳಿ ಇದೆ. ಮುಂದಕ್ಕೆ, ಗಾಳಿಗೆ ಎದುರಾಗಿ ಬಾಗಿದ ದಾರ ಕಂಡರೆ ಅಲ್ಲಿ ಗಾಳಿ ಹಿಮ್ಮುಖವಾಗಿ ಹರಿಯುತ್ತಿದೆ. ಮುಂದಿನ ಸೀಳು ಎಲ್ಲಿ ಕೊರೆಯಬೇಕು ಎಂದು ಹುಡುಕಲು ಅಲ್ಲಿಂದಲೇ ಶುರು ಮಾಡಿ.